ಇಂಧನ ಕೋಶ: ವಿಮಾನಕ್ಕೆ ಹೊಂದಿಸುವ ಕಷ್ಟ

ಇಂಧನವನ್ನು ಉರಿಸದೆ, ಅದರ ರಾಸಾಯನಿಕ ಶಕ್ತಿಯನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುವ ಸಾಧನವೇ ಇಂಧನ ಕೋಶ, ಅಂದರೆ ಫ್ಯೂಯೆಲ್ ಸೆಲ್. ಬ್ಯಾಟರಿ ತನ್ನೊಳಗೆ ತುಂಬಿಟ್ಟ ಶಕ್ತಿಯನ್ನಷ್ಟೇ ಕೊಡಬಲ್ಲದು. ಇಂಧನ ಕೋಶವಾದರೋ ಜಲಜನಕ ಮತ್ತು ಗಾಳಿ ಒದಗುತ್ತಿರುವಷ್ಟು ಹೊತ್ತೂ ವಿದ್ಯುತ್ ಕೊಡುತ್ತಿರುತ್ತದೆ. ಅದರಿಂದ ಹೊರಬರುವುದು ನೀರು ಮತ್ತು ಶಾಖ. ವಿಮಾನಗಳಿಗಾಗಿ ಈ ವಿಷಯದಲ್ಲಿ ಪಿಎಚ್.ಡಿ. ಮಾಡುವ ಎಂಜಿನಿಯರ್ ಹೆಚ್ಚಾಗಿ ಹೆಣಗಬೇಕಾದುದು ಈ ಎರಡರ ಜೊತೆಗೇ.

ಕೋಶದ ನಡುವೆ ಕೂದಲಿಗಿಂತ ತೆಳುವಾದ ಪಾಲಿಮರ್ ಪೊರೆಯಿದೆ. ಅದರ ಎರಡೂ ಬದಿಗೆ ಪ್ಲಾಟಿನಮ್ ವೇಗವರ್ಧಕದ ಲೇಪ. ಒಂದು ಬದಿಯಲ್ಲಿ ಜಲಜನಕವು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆಯುತ್ತದೆ. ಪ್ರೋಟಾನ್‌ಗಳು ಪೊರೆಯನ್ನು ದಾಟುತ್ತವೆ, ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯಲ್ಲಿ ಸಾಗಿ ಮೋಟಾರನ್ನು ತಿರುಗಿಸಿ, ಮತ್ತೊಂದು ಬದಿಯಲ್ಲಿ ಆ ಪ್ರೋಟಾನ್‌ಗಳು ಮತ್ತು ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತವೆ. ಒಂದು ಕೋಶದಿಂದ ಕೆಲಸದ ವೇಳೆ ಸಿಗುವುದು ಸುಮಾರು 0.6ರಿಂದ 0.7 ವೋಲ್ಟ್ ಮಾತ್ರ. ಆದ್ದರಿಂದ ನೂರಾರು ಕೋಶಗಳನ್ನು ಒತ್ತಾಗಿ ಜೋಡಿಸಿ ಸ್ಟ್ಯಾಕ್ ಮಾಡುತ್ತಾರೆ. ತತ್ತ್ವ ಹಳೆಯದು: ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ 1839ರಲ್ಲೇ ಇದನ್ನು ತೋರಿಸಿದ್ದರು. ಅಪೊಲೊ ನೌಕೆಗಳಿಗೆ ವಿದ್ಯುತ್ ಒದಗಿಸಿದ್ದೂ ಇಂಧನ ಕೋಶಗಳೇ; ಅವು ಉತ್ಪಾದಿಸಿದ ನೀರನ್ನು ಗಗನಯಾತ್ರಿಗಳು ಕುಡಿಯುತ್ತಿದ್ದರು.

ಒಂದು ಕಿಲೋ ಜಲಜನಕದಲ್ಲಿ ಸುಮಾರು 33 ಕಿಲೋವಾಟ್-ಗಂಟೆ ಶಕ್ತಿಯಿದೆ, ವಿಮಾನದ ಸೀಮೆಎಣ್ಣೆಯಲ್ಲಿ ಸುಮಾರು 12. ಲಿಥಿಯಂ ಬ್ಯಾಟರಿಯಲ್ಲಿ ಅದು ಕಾಲು ಕಿಲೋವಾಟ್-ಗಂಟೆಯ ಆಸುಪಾಸಿನಲ್ಲಿದೆ. ತೂಕದ ಲೆಕ್ಕ ಇಷ್ಟು ಅನುಕೂಲವಾಗಿದ್ದರೂ ಗಾತ್ರದ ಲೆಕ್ಕ ಪ್ರತಿಕೂಲ: ಮೈನಸ್ 253 ಡಿಗ್ರಿಯಲ್ಲಿ ದ್ರವವಾಗಿಸಿದ ಜಲಜನಕವೂ ಅಷ್ಟೇ ಶಕ್ತಿಯ ಸೀಮೆಎಣ್ಣೆಗಿಂತ ನಾಲ್ಕು ಪಟ್ಟು ಜಾಗ ಬೇಡುತ್ತದೆ.

ಆದರೂ ಟ್ಯಾಂಕಿಗಿಂತ ಶಾಖವೇ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ. ಮೈಸೂರಿನಂಥ ಊರುಗಳಿಗೆ ಬರುವ ಎಟಿಆರ್ 72 ವಿಮಾನಕ್ಕೆ ಮೇಲೇರುವಾಗ ಸುಮಾರು 3.5 ಮೆಗಾವಾಟ್ ಶಕ್ತಿ ಬೇಕು. ಇಂಧನ ಕೋಶದ ದಕ್ಷತೆ ಶೇ. 50 ಎಂದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಶಾಖವನ್ನೂ ಹೊರಹಾಕಬೇಕಾಗುತ್ತದೆ. ಈಗಿನ ವಿಮಾನಗಳ ಎಂಜಿನ್, ಅಂದರೆ ಗ್ಯಾಸ್ ಟರ್ಬೈನ್, ತನ್ನ ಶಾಖವನ್ನು ಬಿಸಿ ಅನಿಲದ ಜೊತೆ ಹಿಂದಕ್ಕೆ ಉಗುಳಿಬಿಡುತ್ತದೆ. ಇಂಧನ ಕೋಶಕ್ಕೆ ಆ ಅನುಕೂಲವಿಲ್ಲ. ಸುಮಾರು 80 ಡಿಗ್ರಿಯಲ್ಲಿ ಕೆಲಸ ಮಾಡುವ ಕೋಶಕ್ಕೂ 40 ಡಿಗ್ರಿಯ ಬೇಸಿಗೆ ಗಾಳಿಗೂ ನಡುವಿನ ಅಂತರ ತೀರ ಕಡಿಮೆಯಾದ್ದರಿಂದ ಅಗಲವಾದ ರೇಡಿಯೇಟರ್ ಬೇಕಾಗುತ್ತದೆ, ಅದು ತೂಕವನ್ನೂ ಗಾಳಿಯ ಎಳೆತವನ್ನೂ ಹೆಚ್ಚಿಸುತ್ತದೆ. ಫಾಸ್ಫಾರಿಕ್ ಆಮ್ಲ ಹೀರಿದ ಪೊರೆಯನ್ನು ಬಳಸಿ 160 ಡಿಗ್ರಿಯ ಸುತ್ತಮುತ್ತ ಕೋಶವನ್ನು ನಡೆಸಿದರೆ ರೇಡಿಯೇಟರ್ ಚಿಕ್ಕದಾಗುತ್ತದೆ; ಆದರೆ ಆಗ ಚದರ ಸೆಂಟಿಮೀಟರಿಗೆ ಸಿಗುವ ವಿದ್ಯುತ್ ಕುಗ್ಗುತ್ತದೆ, ಆಮ್ಲ ಮೆಲ್ಲಗೆ ಸೋರಿಹೋಗುತ್ತದೆ. ಈ ಕೊಡುಕೊಳ್ಳುವಿಕೆಯೊಂದೇ ಹಲವು ಪಿಎಚ್.ಡಿ.ಗಳಿಗೆ ಸಾಕಾಗುವಷ್ಟು ದೊಡ್ಡದು.

ಪ್ರಯೋಗಾಲಯದಲ್ಲಿ ಸಂಶೋಧನಾರ್ಥಿಯ ಕೈಯಲ್ಲಿರುವುದು ಸಾಮಾನ್ಯವಾಗಿ ಅಂಗೈಯಗಲದ ಒಂದೇ ಕೋಶ. ಪೊರೆ, ಅದರ ಎರಡೂ ಬದಿಗೆ ಕಾರ್ಬನ್ ಕಾಗದ, ಅವುಗಳ ಹೊರಗೆ ಅನಿಲ ಹರಿಯುವ ಕಾಲುವೆಗಳನ್ನು ಕೊರೆದ ಗ್ರಾಫೈಟ್ ಫಲಕಗಳು. ಇವನ್ನು ಜೋಡಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಒತ್ತಡ ಒಂದು ಕಡೆ ಹೆಚ್ಚಾದರೆ ಕಾರ್ಬನ್ ಎಳೆಯೊಂದು ಪೊರೆಯನ್ನು ಚುಚ್ಚಬಹುದು, ಕಡಿಮೆಯಾದರೆ ಅನಿಲ ಸೋರಬಹುದು. ಸೋರಿಕೆ ಪರೀಕ್ಷಿಸಿ, ಕೆಲವು ಗಂಟೆ ಕೋಶವನ್ನು ಓಡಿಸಿ ಹದಕ್ಕೆ ತಂದ ಮೇಲೆಯೇ ನಿಜವಾದ ಅಳತೆ ಶುರುವಾಗುವುದು. ವಿದ್ಯುತ್ ಪ್ರವಾಹವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ವೋಲ್ಟೇಜನ್ನು ಬರೆದಿಡುತ್ತಾರೆ. ಹಾಗೆ ಸಿಗುವ ವಕ್ರರೇಖೆಯ ಮೊದಲ ಕುಸಿತಕ್ಕೆ ಆಮ್ಲಜನಕದ ಕ್ರಿಯೆಯ ನಿಧಾನಗತಿ ಕಾರಣ. ನಡುವಿನ ಇಳಿಜಾರಿಗೆ ಪೊರೆ ಮತ್ತು ಜೋಡಣೆಯ ರೋಧ ಕಾರಣ. ಕೊನೆಯ ಕಡಿದಾದ ಬೀಳುವಿಕೆ, ಆಮ್ಲಜನಕ ವೇಗವರ್ಧಕವನ್ನು ತಲುಪುತ್ತಿಲ್ಲವೆಂಬುದರ, ಬಹಳ ಸಲ ನೀರು ರಂಧ್ರಗಳನ್ನು ಮುಚ್ಚಿದೆ ಎಂಬುದರ ಸೂಚನೆ. ನೀರು ಒಣಗಿದರೂ ಕಷ್ಟವೇ, ಏಕೆಂದರೆ ತೇವವಿಲ್ಲದ ಸಾಮಾನ್ಯ ಪೊರೆಯಲ್ಲಿ ಪ್ರೋಟಾನ್ ಚಲಿಸದು. ಆಮೇಲೆ ಇದೇ ಅಳತೆಯನ್ನು ಎತ್ತರದ ತೆಳುಗಾಳಿಯ ಒತ್ತಡದಲ್ಲಿ ಮತ್ತೆ ಮಾಡಬೇಕು: 25,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 37ಕ್ಕೆ ಇಳಿದಿರುತ್ತದೆ, ಅದನ್ನು ಸರಿದೂಗಿಸುವ ಕಂಪ್ರೆಸರ್ ಕೋಶದ ವಿದ್ಯುತ್ತಿನಲ್ಲೇ ಪಾಲು ಕೇಳುತ್ತದೆ.

ಹಾರಾಟಗಳೂ ನಡೆದಿವೆ. 2008ರಲ್ಲಿ ಬೋಯಿಂಗ್ ಸ್ಪೇನಿನಲ್ಲಿ ಮೋಟಾರ್ ಗ್ಲೈಡರ್ ಒಂದನ್ನು ಇಂಧನ ಕೋಶದ ಬಲದಿಂದ ಹಾರಿಸಿತು; 2023ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಎಚ್‌ಟುಫ್ಲೈ ಕಂಪನಿ ದ್ರವ ಜಲಜನಕ ಹೊತ್ತ ಎಚ್‌ವೈ4 ವಿಮಾನವನ್ನು ಪೈಲಟ್ ಸಹಿತ ಹಾರಿಸಿತು. ಇಸ್ರೊ 2024ರ ಜನವರಿಯಲ್ಲಿ 100 ವಾಟ್ ದರ್ಜೆಯ ಇಂಧನ ಕೋಶವನ್ನು ಕಕ್ಷೆಯಲ್ಲಿ ಪರೀಕ್ಷಿಸಿತು. ಏರ್‌ಬಸ್ ತನ್ನ ಜಲಜನಕ ವಿಮಾನಕ್ಕೆ ಇಂಧನ ಕೋಶದ ಮಾರ್ಗವನ್ನೇ ಆರಿಸಿಕೊಂಡಿದ್ದು, 2025ರಲ್ಲಿ ತೋರಿಸಿದ ವಿನ್ಯಾಸದಲ್ಲಿ ತಲಾ 2 ಮೆಗಾವಾಟಿನ ನಾಲ್ಕು ಎಂಜಿನ್‌ಗಳಿವೆ. 2035ರ ಗುರಿಯನ್ನು ಮಾತ್ರ ಅದು ಮುಂದಕ್ಕೆ ಹಾಕಿದೆ.