ವೇಬ್ರಿಡ್ಜ್ ಕಂಪ್ಯೂಟರ್‌ಗೆ ಯಾಕೆ ಯಾರೂ ಕೈ ಹಚ್ಚುವುದಿಲ್ಲ?

"ನಡೀತೈತಲ್ರೀ, ಯಾಕ ಕೈ ಹಚ್ತೀರಿ?" ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಈ ಮಾತು ಕೇಳಿ ಕೇಳಿ ರೂಢಿಯಾಗಿದೆ. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರದ್ದು 2020ರ ಜನವರಿಯಲ್ಲೇ ಮುಗಿದಿತ್ತು. ಎರಡೂ ಇಲ್ಲಿ ಇನ್ನೂ ಆರಾಮಾಗಿ ಓಡುತ್ತಿವೆ. ಸಾಹುಕಾರರು ಜಿಪುಣರು ಅಂದುಬಿಡುವುದು ಸುಲಭ. ಆದರೆ ಅಕ್ಕಿ ಆರಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವವರೂ ಇವರೇ ಅಲ್ವಾ? ಅವರನ್ನು ತಡೆಯುತ್ತಿರುವುದು ಕಂಪ್ಯೂಟರ್ ಹಿಂದೆ ಸಿಕ್ಕಿಸಿರುವ ವೈರುಗಳು.

ಲಾರಿ ತೂಗುವ ವೇಬ್ರಿಡ್ಜ್ ಕೋಣೆಗೆ ಬನ್ನಿ. ಭತ್ತದ ಲಾರಿ ಹತ್ತಿ ನಿಂತರೆ ಇಂಡಿಕೇಟರ್‌ನಲ್ಲಿ ತೂಕ ಮೂಡುತ್ತದೆ. ಆ ಅಂಕಿ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಹಿಡಿದು ಕಂಪ್ಯೂಟರ್‌ಗೆ ಬರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಅಂತ ಚೀಟಿ ಹೊಡೆಯುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಬೇಕು. ಅದರ ಪೋರ್ಟ್ ನಂಬರ್ ಕಾಮ್ 5 ಅಂತಲೋ ಕಾಮ್ 7 ಅಂತಲೋ ಹೋಗಿ ಕೂರುತ್ತದೆ. ಹಳೇ ಪ್ರೋಗ್ರಾಂ ಕಾಮ್ 1 ಬಿಟ್ಟು ಬೇರೆ ಕಡೆ ತಿರುಗಿಯೂ ನೋಡುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ನಂಬರ್ ಬದಲಿಸಿದರೆ ಸರಿಹೋಗುತ್ತದೆ, ಅದು ಗೊತ್ತಿರಬೇಕು ಅಷ್ಟೇ. ಪ್ರೊಲಿಫಿಕ್ ಕಂಪನಿಯ ಚಿಪ್ಪಿನ ತೀರಾ ಹಳೇ ಕನ್ವರ್ಟರ್ ಆದರೆ ವಿಂಡೋಸ್ 11 ಒಪ್ಪುವುದೇ ಇಲ್ಲ. ಈ ಚಿಪ್ 2012ಕ್ಕೇ ನಿಂತಿದೆ, ಮಾರಿದವರನ್ನು ಕೇಳಿ ಅಂತ ಬರೆದು ತೋರಿಸುತ್ತದೆ. ಮಾರಿದವನು ಎಲ್ಲಿದ್ದಾನೋ!

ಪ್ರೋಗ್ರಾಂ ಬರೆದವನದ್ದೂ ಅದೇ ಕಥೆ. ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದಲ್ಲಿ ಯಾರೋ ಫಾಕ್ಸ್‌ಪ್ರೊ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಬರೆದುಕೊಟ್ಟು ಹೋಗಿರುತ್ತಾನೆ. ಈಗ ಅವನ ಫೋನ್ ಹತ್ತುವುದಿಲ್ಲ. ಇಂಥ 16 ಬಿಟ್ ಪ್ರೋಗ್ರಾಂಗಳು 32 ಬಿಟ್‌ನ ವಿಂಡೋಸ್ 10ರವರೆಗೂ ಹೇಗೋ ಓಡುತ್ತಿದ್ದವು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದರಲ್ಲಿ ನೇರವಾಗಿ ಓಡುವುದಿಲ್ಲ. ಚೀಟಿ ನಿಂತರೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ, ಹಮಾಲರು ಸುಮ್ನೆ ಕೂರಬೇಕಾಗುತ್ತದೆ. ಸಾಹುಕಾರರ ಹೆದರಿಕೆ ಇದು, ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಪುರುಸೊತ್ತಿನ ಮಾತು. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರು ಭತ್ತ. ಏಪ್ರಿಲ್, ಮೇನಲ್ಲಿ ಬೇಸಿಗೆ ಭತ್ತ. ನಡುವೆ ಮಾರ್ಚ್ ಲೆಕ್ಕ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್. ಸ್ವಲ್ಪ ಬಿಡುವು ಸಿಗುವುದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಸಾಮಾನು ತರಬೇಡಿ ಅಂತ ಮನೆಯಲ್ಲಿ ಹೇಳುತ್ತಾರೆ!

ಬರೀ ಸಾಫ್ಟ್‌ವೇರ್ ಬದಲಿಸಿದರೆ ಮುಗಿಯುವುದೂ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ ಮೇಲಿನದೇ ಆಗಬೇಕು. ಅಂದರೆ ಹೊಸ ಯಂತ್ರವೇ. ಹಳೆಯದರಲ್ಲಿ ಇರುವುದು ಒರಿಜಿನಲ್ ಕಾಪಿಯೋ ಅಲ್ಲವೋ ಅನ್ನುವುದನ್ನು ಇಲ್ಲಿ ಎತ್ತುವುದಿಲ್ಲ, ನಮಗೂ ನಿಮಗೂ ಗೊತ್ತು. ಹೊಸದಕ್ಕೆ ಹಳೇ ನುಡಿ ಫಾಂಟ್ ಹಾಕದಿದ್ದರೆ ಕನ್ನಡದ ಪತ್ರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿತು ಅಂತ ಗುಮಾಸ್ತರು ಗಾಬರಿಯಾಗುತ್ತಾರೆ.

ಇಷ್ಟಾದರೂ ಒಂದು ವಿಷಯದಲ್ಲಿ ನಾನು ಸಾಹುಕಾರರ ಪರ ಇಲ್ಲ. ತೂಕದ ಕಂಪ್ಯೂಟರ್‌ನಲ್ಲೇ ಲೆಕ್ಕ ಬರೆಯುವ ಟ್ಯಾಲಿ, ಅದರಲ್ಲೇ ಬ್ಯಾಂಕ್, ಸಂಜೆ ಹೊತ್ತು ಅದರಲ್ಲೇ ಸಿನಿಮಾ. ಇದು ಅಪಾಯ. 2017ರ ಮೇನಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಪಕ್ಕದ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಕೊಂಡವು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರಿಗೆ ಬಿತ್ತು ಪೆಟ್ಟು.

ಹಾಗಾಗಿ ನಾನು ಎಲ್ಲವನ್ನೂ ಒಮ್ಮೆಲೇ ಬದಲಿಸಿ ಅನ್ನುವುದಿಲ್ಲ. ಮೊದಲು ಬ್ಯಾಂಕ್, ಜಿಎಸ್‌ಟಿ, ಟ್ಯಾಲಿ ಹೊಸ ಯಂತ್ರಕ್ಕೆ ಹೋಗಲಿ. ತೂಕದ ಕಂಪ್ಯೂಟರ್‌ನಿಂದ ಇಂಟರ್‌ನೆಟ್ ವೈರ್ ಕಿತ್ತುಹಾಕಿ. ಚೀಟಿ ನೋಡಿ ಟ್ಯಾಲಿಯಲ್ಲಿ ಕೈಯಿಂದ ಟೈಪ್ ಮಾಡಿ, ನಡುವೆ ಪೆನ್ ಡ್ರೈವ್ ಓಡಾಡುವುದು ಬೇಡ. ಹಾರ್ಡ್ ಡಿಸ್ಕಿನ ಪೂರ್ತಿ ನಕಲು ಒಂದು ತೆಗೆದು ಬೀರುವಿನಲ್ಲಿಡಿ, ಮಿಲ್ಲಿನ ಧೂಳಿಗೆ ಡಿಸ್ಕ್ ಜಾಸ್ತಿ ದಿನ ಬಾಳುವುದಿಲ್ಲ. ದುಡ್ಡು ಕಟ್ಟಿ ವಿಂಡೋಸ್ 10ನ್ನೇ ಮುಂದುವರಿಸುವ ದಾರಿಯೂ ಇದೆ. ಕಂಪನಿಗಳಿಗೆ ಮೊದಲ ವರ್ಷ ಒಂದು ಕಂಪ್ಯೂಟರ್‌ಗೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು, ಮೂರು ವರ್ಷಕ್ಕೆ ಅದೂ ಬಂದ್. ನನ್ನ ಕೇಳಿದರೆ ಆ ದುಡ್ಡನ್ನು ಹೊಸ ಯಂತ್ರಕ್ಕೇ ಹಾಕಿ.

ತೂಕದ್ದನ್ನು ಬದಲಿಸುವ ದಿನ ಬಂದಾಗ ಹಳೆಯದನ್ನು ಗುಜರಿಗೆ ಹಾಕಬೇಡಿ. ಒಂದು ಸೀಜನ್ ಅದೇ ಟೇಬಲ್ ಮೇಲೆ ಪಕ್ಕದಲ್ಲೇ ಇರಲಿ. ಹೊಸದು ಕೈಕೊಟ್ಟರೆ ಕೇಬಲ್ ಎರಡನ್ನು ಆಚೆ ಈಚೆ ಮಾಡಿದರಾಯಿತು, ಮುಂದಿನ ಲಾರಿ ಹತ್ತುವುದರೊಳಗೆ ಹಳೆಯದು ಶುರು. ಇದನ್ನು ಎದುರಿಗೇ ಮಾಡಿ ತೋರಿಸಿದ ಮೇಲೆಯೇ ಸಾಹುಕಾರರು ಚೆಕ್ ಬುಕ್ ತೆಗೆಯುವುದು.