ಬಿರುಗಾಳಿಗೆ ಗಾಳಿಯಂತ್ರ ನಿಲ್ಲುವುದೇಕೆ?

ಕಚ್ಛ್‌ನ ಮಾಂಡ್ವಿಯ ಕಡಲತೀರಕ್ಕೆ ಸಂಸಾರ ಸಮೇತ ಹೋದವರಿಗೆ ಅಲೆಗಳಷ್ಟೇ ಆಕರ್ಷಣೆ ದಂಡೆಯ ಗಾಳಿಯಂತ್ರಗಳದ್ದು. ಇಂಥ ಕಡಲತೀರಗಳಲ್ಲಿ ಬಿರುಗಾಳಿ ಎದ್ದು ಮರಳು ಮುಖಕ್ಕೆ ರಾಚುವಾಗ, ಕೊಡೆ ಮಗುಚಿಕೊಳ್ಳುವಾಗ, ಆ ರೆಕ್ಕೆಗಳು ಮಾತ್ರ ಹೆಚ್ಚುಕಡಿಮೆ ನಿಂತೇ ಇರುವುದುಂಟು. "ಇಷ್ಟು ಗಾಳಿ ಇದ್ರೂ ಯಾಕಪ್ಪಾ ತಿರುಗ್ತಿಲ್ಲ?" ಎಂದು ಮಗು ಕೇಳಿದರೆ "ಕೆಟ್ಟಿರಬೇಕು ಬಿಡು" ಎಂಬ ಉತ್ತರ ಬರುತ್ತದೆ. ಕೆಟ್ಟಿಲ್ಲ, ಕೆಡಬಾರದೆಂದೇ ನಿಂತಿದೆ.

ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ರೆಕ್ಕೆಗಳ ವೃತ್ತ 80 ಮೀಟರ್ ಅಗಲವಿರುವ, 2 ಮೆಗಾವ್ಯಾಟ್ ಜನರೇಟರಿನ ಯಂತ್ರವೊಂದನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುವಾಗ ಆ ವೃತ್ತವನ್ನು ಸೆಕೆಂಡಿಗೆ ಸುಮಾರು 60 ಟನ್ ಗಾಳಿ ಹಾದುಹೋಗುತ್ತದೆ. ಅದು ಹೊತ್ತು ತರುವ ಶಕ್ತಿ 3 ಮೆಗಾವ್ಯಾಟ್. ವೇಗ 25 ಮೀಟರಿಗೆ, ಅಂದರೆ ಗಂಟೆಗೆ 90 ಕಿಲೋಮೀಟರಿಗೆ ಏರಿದರೆ 47 ಮೆಗಾವ್ಯಾಟ್! ಎರಡು ಸೇರು ಹಿಡಿಯುವ ಪಾತ್ರೆಗೆ ಕೆರೆಯ ಕೋಡಿಯನ್ನೇ ತಿರುಗಿಸಿದ ಹಾಗೆ. ಆದ್ದರಿಂದಲೇ ಬಹಳಷ್ಟು ಯಂತ್ರಗಳು 25 ಮೀಟರ್ ದಾಟಿದ ಗಾಳಿಗೆ ಕೆಲಸ ನಿಲ್ಲಿಸುತ್ತವೆ.

ನಿಲ್ಲಿಸುವ ಬಗೆಯೇ ಸೊಗಸು. ಓಡುವ ಬಸ್ಸಿನ ಕಿಟಕಿಯಾಚೆ ಅಂಗೈ ಗಾಳಿಗೆ ಎದುರಾದರೆ ತೋಳೇ ಹಿಂದಕ್ಕೆ ಹೋಗುತ್ತದೆ. ಅದೇ ಅಂಗೈಯನ್ನು ಮಲಗಿಸಿದರೆ ಗಾಳಿ ಸೀಳಿಕೊಂಡು ಹೋಗುತ್ತದೆ. ಗಾಳಿಗೆ ಎದುರು ಹಿಡಿದ ಮೊರ ಕೈಯನ್ನೇ ಎಳೆಯುತ್ತದೆ, ಅಂಚು ತಿರುಗಿಸಿದರೆ ತಣ್ಣಗಾಗುತ್ತದೆ. ಗಾಳಿಯಂತ್ರದ ಪ್ರತಿ ರೆಕ್ಕೆಯೂ ಹೀಗೆಯೇ ಬುಡದಲ್ಲಿ ಸುಮಾರು 90 ಡಿಗ್ರಿ ಹೊರಳಿ ಗಾಳಿಗೆ ಅಂಚು ಕೊಡುತ್ತದೆ. ಮೂರು ರೆಕ್ಕೆಗೂ ಬೇರೆ ಬೇರೆ ಹೊರಳು ವ್ಯವಸ್ಥೆ, ಬೇರೆ ಬೇರೆ ಬ್ಯಾಟರಿ ಅಥವಾ ಒತ್ತಡ ಕೂಡಿಟ್ಟ ಎಣ್ಣೆಯ ಸಿಲಿಂಡರ್. ಬಿರುಗಾಳಿಗೆ ಲೈನು ಕಡಿದು ಕರೆಂಟು ಹೋದರೂ ರೆಕ್ಕೆ ಹೊರಳಲೇಬೇಕಲ್ಲ! ಆಮೇಲೂ ರೆಕ್ಕೆಗಳ ಚಕ್ರಕ್ಕೆ ಬೀಗ ಹಾಕುವುದಿಲ್ಲ, ನಿಧಾನಕ್ಕೆ ತಿರುಗಲು ಬಿಡುತ್ತಾರೆ. ಬಿಗಿಹಿಡಿದರೆ ಗೇರಿನ ಅದೇ ಒಂದೆರಡು ಹಲ್ಲುಗಳು ಏಟು ತಿಂದೂ ತಿಂದೂ ಸವೆಯುತ್ತವೆ.

ಬ್ರೇಕ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ರಿಪೇರಿಯಂಥ ಹೊತ್ತಿನಲ್ಲಿ ನಿಂತ ಚಕ್ರವನ್ನು ಹಿಡಿದಿಡಲು. ಪೂರ್ತಿ ಜೋರಿನಲ್ಲಿರುವ ಚಕ್ರವನ್ನು ಅದೊಂದೇ ತಡೆಯಹೊರಟರೆ ತಟ್ಟೆ ಕೆಂಪಗೆ ಕಾದು ಕಿಡಿ ಹಾರುತ್ತದೆ. 2008ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಹಾರ್ನ್ಸ್‌ಲೆಟ್‌ನಲ್ಲಿ ಬಿರುಗಾಳಿಗೆ ಯಂತ್ರವೊಂದರ ಬ್ರೇಕ್ ಸೋತು, ಹುಚ್ಚು ವೇಗದ ರೆಕ್ಕೆ ಕಂಬಕ್ಕೇ ಬಡಿದು, ಇಡೀ ಯಂತ್ರ ಮುರಿದುಬಿತ್ತು.

ಈ ಅಪಾಯವನ್ನು ಬಹಳ ಮೊದಲೇ ಕಂಡವರು ಅದೇ ದೇಶದ ಎಂಜಿನಿಯರ್ ಯೋಹಾನ್ನೆಸ್ ಯೂಲ್. 1957ರಲ್ಲಿ ಗೆಡ್ಸರ್‌ನ ಕಡಲಂಚಿನಲ್ಲಿ ಅವರು ನಿಲ್ಲಿಸಿದ 200 ಕಿಲೋವ್ಯಾಟ್ ಯಂತ್ರದ ರೆಕ್ಕೆಗಳ ಬುಡ ಹೊರಳುತ್ತಿರಲಿಲ್ಲ. ಗಾಳಿ ಅತಿಯಾದಾಗ ಗಾಳಿಯ ಹರಿವು ತಾನಾಗಿ ರೆಕ್ಕೆಯಿಂದ ಕಳಚಿಕೊಂಡು ಎಳೆತ ಕುಂದುವ ಆಕಾರ ಅವಕ್ಕಿತ್ತು. ಅದೂ ಸಾಲದಾಗಿ ವೇಗ ಮಿತಿಮೀರಿದರೆ ರೆಕ್ಕೆಯ ತುದಿಗಳಷ್ಟೇ ಅಡ್ಡ ತಿರುಗಿ ತಡೆಯುತ್ತಿದ್ದವು. ಹತ್ತು ವರ್ಷ ಆ ಯಂತ್ರ ಓಡಿತು. 1986ರಲ್ಲಿ ಓಖಾ, ರತ್ನಾಗಿರಿ, ತೂತ್ತುಕುಡಿಯ ಕಡಲಂಚಿನಲ್ಲಿ ನಮ್ಮ ಮೊದಲ ಗಾಳಿಯಂತ್ರಗಳ ಸಾಲುಗಳು ಎದ್ದಾಗ ಒಂದೊಂದು ಯಂತ್ರವೂ ಬರೀ 55 ಕಿಲೋವ್ಯಾಟ್!

ಗದಗ, ಚಿತ್ರದುರ್ಗದ ಕಡೆ "ಈ ಫ್ಯಾನುಗಳು ಮೋಡ ಓಡಿಸುತ್ತವೆ" ಎಂಬ ಮಾತಿದೆ. ಫ್ಯಾನು ಎಂಬ ಹೆಸರೇ ದಾರಿ ತಪ್ಪಿಸಿದೆ. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಹಾದುಹೋಗುವ ಗಾಳಿಯನ್ನು ಕೊಂಚ ನಿಧಾನ ಮಾಡುತ್ತದೆಯೇ ಹೊರತು ಬೀಸುವುದಿಲ್ಲ. ಕಿಲೋಮೀಟರುಗಟ್ಟಲೆ ದಪ್ಪದ ಮಳೆಮೋಡವನ್ನು ನೂರೈವತ್ತು ಮೀಟರಿನ ಯಂತ್ರ ಓಡಿಸೀತೇ? ಬರದ ಹೊಣೆ ಅದರ ತಲೆಗೆ ಕಟ್ಟಿದರೆ ಬತ್ತಿದ ಕೆರೆ ಹಾಗೇ ಉಳಿಯುತ್ತದೆ.

ನಿಜವಾಗಿ ಹೆದರಬೇಕಾದ್ದು ಸಿಡಿಲಿಗೆ. ಬಯಲಲ್ಲಿ ಎತ್ತರದ ವಸ್ತು ಗಾಳಿಯಂತ್ರವೇ. ರೆಕ್ಕೆಯ ತುದಿಯ ಲೋಹದ ಬಿಲ್ಲೆಯಿಂದ ಒಳಗಿನ ತಂತಿ, ಕಂಬ, ನೆಲದವರೆಗೆ ಸಿಡಿಲಿಗೆ ದಾರಿ ಮಾಡಿರುತ್ತಾರೆ. ಆದರೆ ಆ ವಿದ್ಯುತ್ತು ಕಂಬದ ಬುಡದಲ್ಲೇ ಮಣ್ಣಿಗೆ ಹರಡುತ್ತದೆ. ಗುಡುಗು ಕೇಳಿದೊಡನೆ ಮಕ್ಕಳನ್ನು ಕಂಬದ ಹತ್ತಿರದಿಂದ ಕರೆತಂದು ಕಾರಿನೊಳಗೆ ಕೂರಿಸಿ, ಗಾಜು ಏರಿಸಿ. ಕೊನೆಯ ಗುಡುಗಿನಿಂದ 30 ನಿಮಿಷ ಇಳಿಯಬೇಡಿ.

ಕಾಯುವಾಗ ರೆಕ್ಕೆಗಳನ್ನೇ ನೋಡುತ್ತಿರಿ. ಗಾಳಿ ಸೆಕೆಂಡಿಗೆ 25 ಮೀಟರಿನ ಕೆಳಗಿಳಿದ ಕೂಡಲೇ ಯಂತ್ರ ಶುರುವಾಗುವುದಿಲ್ಲ; ಹಾಗಾದರೆ ನಿಮಿಷಕ್ಕೊಮ್ಮೆ ನಿಂತು, ಹೊರಟು ಸವೆಯುತ್ತದೆ. ಎಷ್ಟೋ ಯಂತ್ರಗಳು ಗಾಳಿ 20ರ ಆಸುಪಾಸಿಗೆ ಇಳಿಯುವವರೆಗೆ ತಡೆಯುತ್ತವೆ. ಆಗ ತೆಳ್ಳಗೆ ಗೆರೆಯಂತಿದ್ದ ರೆಕ್ಕೆಗಳು ಮೆಲ್ಲನೆ ಹೊರಳಿ, ಗಾಳಿಗೆ ಅಗಲವಾಗುತ್ತವೆ.