ಗರ್ಭಿಣಿಗೆ ಕಾಮಾಲೆ ಬಂದರೆ ಡಾಕ್ಟರು ಅಷ್ಟು ಗಾಬರಿಯಾಗುವುದೇಕೆ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ, ಈಗ ಪುಣೆಯ ಚಿಂಚವಾಡದಲ್ಲಿದ್ದೇವೆ. ಈ ಮಳೆಗಾಲದಲ್ಲಿ ಮಗನಿಗೂ ಏಳು ತಿಂಗಳು ತುಂಬಿದ ಬಸುರಿ ಸೊಸೆಗೂ ಕಾಮಾಲೆ ಆಯಿತು. ಮಗನಿಗೆ ವಿಶ್ರಾಂತಿ ಹೇಳಿ ಮನೆಗೆ ಕಳಿಸಿದರು, ಸೊಸೆಯನ್ನು ಅಡ್ಮಿಟ್ ಮಾಡಿಕೊಂಡರು. ಊರಿಂದ ತರಿಸಿದ ನಾಟಿ ಔಷಧಿಯನ್ನೂ ಕೊಡಬೇಡಿ ಅಂದರು. ಕಾಯಿಲೆ ಒಂದೇ ಅಲ್ಲವೇ?

ಉತ್ತರ: ಕಾಯಿಲೆ ಒಂದೇ ಇರಬಹುದು, ಅಪಾಯ ಒಂದೇ ಅಲ್ಲ. ಡಾಕ್ಟರು ಮಾಡಿದ್ದು ಸರಿ.

ಒಂದೇ ನೀರು ಕುಡಿದ ಇಬ್ಬರು ದೊಡ್ಡವರಿಗೆ ಕಾಮಾಲೆಯಾದರೆ ನಮ್ಮ ದೇಶದಲ್ಲಿ ಮೊದಲು ಅನುಮಾನ ಬೀಳುವುದು ಹೆಪಟೈಟಿಸ್ ಇ ವೈರಸ್ ಮೇಲೆ. ಮಲ ಬೆರೆತ ನೀರಿನಿಂದ ಹೊಟ್ಟೆಗೆ ಹೋಗಿ ಲಿವರಿನಲ್ಲಿ ನೆಲೆಯೂರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರಿಗೆ ತಗುಲಿದರೆ ನೂರರಲ್ಲಿ 20ರಿಂದ 25 ಮಂದಿಯವರೆಗೆ ಸಾಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಯಲ್ಲಿರುವ ಮಗುವಿಗೂ ಕುತ್ತು.

ಈ ವೈರಸ್ಸಿನ ಬೆನ್ನು ಹತ್ತಿದವರಲ್ಲಿ ನೀವೀಗ ಇರುವ ಪುಣೆಯವರೇ ಇದ್ದಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿ ವಿದ್ಯಾ ಅರಂಕಲ್ಲೆ ಮತ್ತು ಸಂಗಡಿಗರು, ಹೆಪಟೈಟಿಸ್ ಎ ವೈರಸ್ಸೂ ಅಲ್ಲದ ಬಿ ವೈರಸ್ಸೂ ಅಲ್ಲದ ಕಾರಣಕ್ಕೆ ಬರುವ ಈ ಕಾಮಾಲೆಗೂ ಒಂದು ವೈರಸ್ ಕಣಕ್ಕೂ ಇರುವ ನಂಟನ್ನು 1988ರಲ್ಲಿ ಪ್ರಕಟಿಸಿದರು. ಆಗಿನ್ನೂ ಅದರ ವಂಶವಾಹಿಯನ್ನು ಯಾರೂ ಬಿಡಿಸಿರಲಿಲ್ಲ. ಮುಂದೆ 2002ರಲ್ಲಿ ಪಶ್ಚಿಮ ಭಾರತದ ಹಂದಿಗಳಲ್ಲಿ ಇರುವುದು ಈ ವೈರಸ್ಸಿನ ಬೇರೆ ಬಗೆ, ಜನರಲ್ಲಿ ಇರುವುದು ಬೇರೆ ಬಗೆ ಎಂದೂ ಅವರ ತಂಡ ತೋರಿಸಿತು. ಅಂದರೆ ಇಲ್ಲಿ ಬೈಯಬೇಕಾದ್ದು ಕಸದ ಗುಂಡಿಯ ಹಂದಿಯನ್ನಲ್ಲ, ಒಡೆದ ಪೈಪನ್ನು. ಯುರೋಪಿನಲ್ಲಿ ಹಂದಿಮಾಂಸದಿಂದ ಹರಡುವುದು ಈ ವೈರಸ್ಸಿನ ಮೂರನೆಯ ಬಗೆ (ಜೀನೋಟೈಪ್ 3). ಅದು ಗರ್ಭಿಣಿಯರನ್ನು ಹೀಗೆ ಕಾಡುವುದಿಲ್ಲ. ನಮ್ಮಲ್ಲಿ ಓಡಾಡುವುದು ಒಂದನೆಯ ಬಗೆ.

ಗರ್ಭಿಣಿಗೇ ಯಾಕೆ? ಮಗುವಿನ ಅರ್ಧ ವಂಶವಾಹಿ ತಂದೆಯದು, ತಾಯಿಯ ಮೈಗೆ ಹೊರಗಿನದು. ಅದನ್ನು ಉಳಿಸಿಕೊಳ್ಳಲು ಆಕೆಯ ರೋಗನಿರೋಧಕ ಶಕ್ತಿ ತನ್ನ ವರಸೆ ಬದಲಿಸಿಕೊಳ್ಳುತ್ತದೆ; ಏರುವ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳು ಕೂಡ ಅದರಲ್ಲಿ ಕೈಯಾಡಿಸುತ್ತವೆ. ಇನ್ನೊಂದು ಸುಳಿವು ಮಾಸುವಿನಲ್ಲಿ (ಪ್ಲಾಸೆಂಟಾ) ಸಿಕ್ಕಿದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಯೋಗಾಲಯದಲ್ಲಿ ಮಾಸುವಿನ ಅಂಗಾಂಶಕ್ಕೆ ಎರಡೂ ಬಗೆಯ ವೈರಸ್ ಸೋಂಕಿಸಿದಾಗ, ಮೂರನೆಯದಕ್ಕಿಂತ ಒಂದನೆಯದು ಹೆಚ್ಚು ಬೆಳೆದು ಅಂಗಾಂಶವನ್ನು ಹೆಚ್ಚು ಕೆಡಿಸಿತು. ಇಷ್ಟಾದರೂ ಒಗಟು ಪೂರ್ತಿ ಬಿಡಿಸಿಲ್ಲ: ಗರ್ಭ ಧರಿಸಿದ ರೀಸಸ್ ಕೋತಿಗಳಿಗೆ ಈ ಸೋಂಕು ತಗುಲಿಸಿದರೆ ಕಾಯಿಲೆ ಉಲ್ಬಣವಾಗಲೇ ಇಲ್ಲ.

ಟ್ಯಾಂಕಿಗೆ ಕ್ಲೋರಿನ್ ಹಾಕಿಸಿದ್ದೇವಲ್ಲ ಎನ್ನುವವರು ದಿಲ್ಲಿಯ ಕತೆ ಕೇಳಬೇಕು. 1955ರಲ್ಲಿ ಯಮುನೆ ಪಾತ್ರ ಬದಲಿಸಿ, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗಕ್ಕೆ ಹಿಂದಕ್ಕೆ ನುಗ್ಗಿತು. ಕ್ಲೋರಿನ್ ಪ್ರಮಾಣ ಹೆಚ್ಚಿಸಿದರು. ಟೈಫಾಯಿಡ್ ಏರಲಿಲ್ಲ, ಇದೇ ವೈರಸ್ಸಿನ ಕಾಮಾಲೆ ಮಾತ್ರ ಸುಮಾರು 29,000 ಜನರಿಗೆ ಬಂತು. ಆದ್ದರಿಂದ ಕುದಿಸಿ ಆರಿಸಿದ ನೀರೇ ಗತಿ, ಹಲ್ಲುಜ್ಜಲೂ ಅದೇ.

ನಾಟಿ ಔಷಧಿಯ ವಿಷಯ. ಕಾಮಾಲೆ ತಾನಾಗಿ ವಾಸಿಯಾಗುವುದರಿಂದ ಅದಕ್ಕೆ ಹೆಸರು ಬಂದುಬಿಡುತ್ತದೆ. ಬಳಲಿದ ಲಿವರಿಗೆ ಅದರಲ್ಲಿರುವ ಏನೋ ಒಂದು ಇನ್ನಷ್ಟು ಹೊರೆಯಾಗಬಹುದು. ಜ್ವರದ ಮಾತ್ರೆಯನ್ನೂ ಕೇಳದೆ ಕೊಡಬೇಡಿ. ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವುದು ಲಿವರ್ ಸೋಲುತ್ತಿದೆಯೇ ಎಂದು ತಿಳಿಯಲು. ಬಸುರಿಯರಲ್ಲಿ ಕಾಮಾಲೆಗೆ ವೈರಸ್ ಅಲ್ಲದ ಕಾರಣಗಳೂ ಇರುತ್ತವೆ, ಅವನ್ನೂ ಅಲ್ಲೇ ನೋಡುತ್ತಾರೆ. ಸೊಸೆ ತೊದಲಿದರೆ, ಅತಿಯಾಗಿ ತೂಕಡಿಸಿದರೆ, ಹೇಳಿದ್ದು ಅರ್ಥವಾಗದಂತಿದ್ದರೆ ತಕ್ಷಣ ನರ್ಸನ್ನು ಕರೆಯಿರಿ.

ನಿಮ್ಮ ವಸತಿ ಸೊಸೈಟಿಯಲ್ಲಿ ಬೇರೆ ಬಸುರಿಯರಿದ್ದರೆ ಇವತ್ತೇ ತಿಳಿಸಿ. ಸೋಂಕು ತಗುಲಿ ಲಕ್ಷಣ ಕಾಣಲು 2ರಿಂದ 10 ವಾರ ಬೇಕು.